ಟಾಸ್ಕ್‌ಬಾರ್ ಹೋಗಿ ಬಂದ ಮೇಲೆ ನನ್ನ ಟ್ರೇ ಐಕಾನ್ ವಾಪಸ್ ಬರುತ್ತಿಲ್ಲ

ಪ್ರೆಸ್‌ಮನೆ:
ಎಲ್ಲರಿಗೂ ನಮಸ್ಕಾರ. ಶಿಕಾರಿಪುರದಲ್ಲಿ ನಮ್ಮ ಅಣ್ಣನದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆ ಪಾಂಪ್ಲೆಟ್ ಇವೇ ಕೆಲಸ. ಟೈಪಿಂಗ್ ಎಲ್ಲ ಅತ್ತಿಗೆಯದು. ಅವರಿಗಾಗಿ ವಿಂಡೋಸ್‌ನಲ್ಲಿ ಒಂದು ಕನ್ನಡ ಕೀಬೋರ್ಡ್ ಪ್ರೋಗ್ರಾಂ ಬರೆದಿದ್ದೇನೆ. ಸಿ ಪ್ಲಸ್ ಪ್ಲಸ್, ನೇರ ವಿನ್32 (ವಿಂಡೋಸ್‌ನದೇ ಮೂಲ ಫಂಕ್ಷನ್‌ಗಳು), ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿ ಲೇಔಟ್. ಎಫ್9 ಒತ್ತಿದಂತೆಲ್ಲ ಇಂಗ್ಲಿಷ್, ಯೂನಿಕೋಡ್, ಹಳೇ ಆಸ್ಕಿ ಫಾಂಟ್ ಅಂತ ಮೋಡ್ ಬದಲಾಗುತ್ತದೆ. ಪೇಜ್ ಮಾಡುವ ಹಳೇ ಸಾಫ್ಟ್‌ವೇರ್‌ಗೆ ಆಸ್ಕಿಯೇ ಬೇಕು, ಉಳಿದ ಕಡೆ ಯೂನಿಕೋಡ್.

ಪ್ರೋಗ್ರಾಂನಲ್ಲಿ ಕಣ್ಣಿಗೆ ಕಾಣುವುದು ಗಡಿಯಾರದ ಪಕ್ಕದ ಐಕಾನ್ ಒಂದೇ. ಹಸಿರು ‘ಕ’ ಅಂದರೆ ಯೂನಿಕೋಡ್, ಕೆಂಪು ‘ಕ’ ಅಂದರೆ ಆಸ್ಕಿ. ಅತ್ತಿಗೆ ಸ್ಕ್ರೀನಿನ ಬಲಗಡೆ ಮೂಲೆ ನೋಡಿಕೊಂಡೇ ಕೀಲಿಯ ಮೇಲೆ ಬೆರಳಿಡುವುದು.

ತೊಂದರೆ ಇದು. ಅಲ್ಲಿನ ಒಂದು ಪ್ರಿಂಟರ್ ಡ್ರೈವರ್‌ನಿಂದಲೋ ಏನೋ, ದಿನಕ್ಕೆ ಒಂದೆರಡು ಸಲ ಟಾಸ್ಕ್‌ಬಾರ್ ಪೂರ್ತಿ ಮಾಯವಾಗಿ ಎರಡು ಸೆಕೆಂಡಿಗೆ ವಾಪಸ್ ಬರುತ್ತದೆ. ವಾಲ್ಯೂಮ್, ವೈಫೈ ಎಲ್ಲ ಬರುತ್ತವೆ. ನನ್ನ ‘ಕ’ ಬರುವುದಿಲ್ಲ. ಪ್ರೋಗ್ರಾಂ ನಿಂತಿಲ್ಲ, ಎಫ್9 ಕೆಲಸ ಮಾಡುತ್ತಲೇ ಇರುತ್ತದೆ. ಮೊನ್ನೆ ಅತ್ತಿಗೆ ಅಂದಾಜಿನ ಮೇಲೆ ಟೈಪ್ ಮಾಡಿದರು. ಹುಡುಗಿಯ ಊರಿನ ಹೆಸರು ಮಾತ್ರ ಯೂನಿಕೋಡಿನಲ್ಲಿ ಬಿದ್ದಿತ್ತು. ಪ್ಲೇಟ್ ಮಾಡಿಸುವ ಮುಂಚೆ ನೋಡಿದರೆ ಆ ಜಾಗದಲ್ಲಿ ಬರೀ ಚೌಕಗಳು.

ಟಾಸ್ಕ್‌ಬಾರ್ ಹೊಸದಾಗಿ ಶುರುವಾದಾಗ ಪ್ರೋಗ್ರಾಂಗಳಿಗೆ ಹೋಗುವ ‘ಟಾಸ್ಕ್‌ಬಾರ್‌ಕ್ರಿಯೇಟೆಡ್’ ಮೆಸೇಜ್ ಬಂದಾಗ ಐಕಾನ್ ಮತ್ತೆ ಸೇರಿಸಬೇಕು ಅಂತ ಗೊತ್ತು. ರಿಜಿಸ್ಟರ್‌ವಿಂಡೋಮೆಸೇಜ್ ಕರೆದಿದ್ದೇನೆ, ಹ್ಯಾಂಡ್ಲರ್ ಬರೆದಿದ್ದೇನೆ. ಕೋಡ್ ಆ ಸಾಲಿಗೆ ಬರುವುದೇ ಇಲ್ಲ. ಇನ್ನೊಂದು: ರೈಟ್ ಕ್ಲಿಕ್ ಮೆನು ತೆರೆದ ಮೇಲೆ ಹೊರಗೆ ಎಲ್ಲಿ ಕ್ಲಿಕ್ ಮಾಡಿದರೂ ಮುಚ್ಚುವುದಿಲ್ಲ.

ತುಂಗಾತೀರ:
ಕ್ರಿಯೇಟ್‌ವಿಂಡೋ ಕರೆಯುವಾಗ ಪೇರೆಂಟ್ ಜಾಗಕ್ಕೆ ಏನು ಕೊಟ್ಟಿದ್ದೀರಿ?

ಪ್ರೆಸ್‌ಮನೆ:
ಎಚ್‌ಡಬ್ಲ್ಯೂಎನ್‌ಡಿ_ಮೆಸೇಜ್. ವಿಂಡೋ ಕಾಣುವುದು ಬೇಡವಲ್ವಾ ಅಂತ.

ತುಂಗಾತೀರ:
ಸಿಕ್ಕಿತು. ಅದು ಮೆಸೇಜ್‌ಗೆ ಮಾತ್ರ ಇರುವ ವಿಂಡೋ. ನೇರವಾಗಿ ಕಳಿಸಿದ್ದು ಮುಟ್ಟುತ್ತದೆ, ಬ್ರಾಡ್‌ಕಾಸ್ಟ್ ಮುಟ್ಟುವುದಿಲ್ಲ. ಎಕ್ಸ್‌ಪ್ಲೋರರ್ ಹೊಸ ಟಾಸ್ಕ್‌ಬಾರ್ ಕಟ್ಟಿದ ಮೇಲೆ ಎಲ್ಲ ಟಾಪ್ ಲೆವೆಲ್ (ಪೇರೆಂಟ್ ಇಲ್ಲದ) ವಿಂಡೋಗಳಿಗೂ ಡಂಗುರ ಸಾರುತ್ತದೆ. ನಿಮ್ಮ ವಿಂಡೋ ಆ ಊರಿನಲ್ಲೇ ಇಲ್ಲ. ಪೇರೆಂಟ್ ಜಾಗಕ್ಕೆ ನಲ್ ಕೊಡಿ, ಶೋವಿಂಡೋ ಮಾತ್ರ ಕರೆಯಬೇಡಿ. ಟಾಪ್ ಲೆವೆಲ್ ಆಗಿಯೂ ಇರುತ್ತದೆ, ಕಣ್ಣಿಗೂ ಬೀಳುವುದಿಲ್ಲ.

ಮೆನುವಿಗೆ: ಟ್ರ್ಯಾಕ್‌ಪಾಪ್‌ಅಪ್‌ಮೆನುಗೆ ಮುಂಚೆ ಸೆಟ್‌ಫೋರ್‌ಗ್ರೌಂಡ್‌ವಿಂಡೋ ಕರೆಯಿರಿ. ಮೆನು ಮುಗಿದ ಮೇಲೆ ನಿಮ್ಮದೇ ವಿಂಡೋಗೆ ಒಂದು ಡಬ್ಲ್ಯೂಎಂ_ನಲ್ (ಖಾಲಿ ಮೆಸೇಜ್) ಪೋಸ್ಟ್ ಮಾಡಿ. ಎರಡೂ ಬೇಕು.

ಪರೀಕ್ಷೆ ಮಾಡಲು ಡ್ರೈವರ್ ಕೈಕೊಡಲಿ ಅಂತ ಕಾಯಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ ರೀಸ್ಟಾರ್ಟ್ ಕೊಡಿ.

ಪ್ರೆಸ್‌ಮನೆ:
ಮನೆಯ ಲ್ಯಾಪ್‌ಟಾಪಿನಲ್ಲಿ ಹತ್ತು ಸಲ ರೀಸ್ಟಾರ್ಟ್ ಮಾಡಿದೆ. ಹತ್ತು ಸಲವೂ ‘ಕ’ ಬಂತು! ಮೆನುವೂ ಮುಚ್ಚುತ್ತಿದೆ. ತುಂಬಾ ಖುಷಿಯಾಯಿತು ಸರ್.

ಆದರೆ ಪ್ರೆಸ್‌ನ ಕಂಪ್ಯೂಟರಿನಲ್ಲಿ ಹಾಕಿದರೆ ಮತ್ತೆ ಅದೇ ಕತೆ. ಅದೇ ಫೈಲ್, ಅದೇ ವಿಂಡೋಸ್ 10. ಒಂದೇ ವ್ಯತ್ಯಾಸ: ಪೇಜ್ ಮಾಡುವ ಸಾಫ್ಟ್‌ವೇರ್ ಅಲ್ಲಿ ಅಡ್ಮಿನ್ ಆಗಿ ಓಡುತ್ತದೆ. ಅದರೊಳಗೆ ಒತ್ತಿದ ಕೀಲಿಗಳು ನನ್ನ ಹುಕ್‌ಗೆ (ಒತ್ತಿದ ಕೀಲಿ ಹಿಡಿಯುವ ಕೋಡ್) ಸಿಗುತ್ತಿರಲಿಲ್ಲ. ಹಾಗಾಗಿ ನನ್ನ ಪ್ರೋಗ್ರಾಂ ಕೂಡ ಅಲ್ಲಿ ಅಡ್ಮಿನ್ ಆಗಿಯೇ ಶುರುವಾಗುತ್ತದೆ.

ಹಳೇಕಂಪೈಲರ್:
ಉತ್ತರ ನಿಮ್ಮ ಕೊನೇ ಸಾಲಿನಲ್ಲೇ ಇದೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅಧಿಕಾರದಲ್ಲಿ ಕೆಳಗಿನ ಹಂತದ ಪ್ರೋಗ್ರಾಂ ಮೇಲಿನ ಹಂತದ ವಿಂಡೋಗೆ ಸುಮ್ನೆ ಮೆಸೇಜ್ ಕಳಿಸಲು ಆಗುವುದಿಲ್ಲ. ಎಕ್ಸ್‌ಪ್ಲೋರರ್ ಓಡುವುದು ಸಾಮಾನ್ಯ ಹಂತದಲ್ಲಿ, ನೀವು ಅಡ್ಮಿನ್. ಅದರ ಮೆಸೇಜ್ ಬಾಗಿಲಲ್ಲೇ ನಿಲ್ಲುತ್ತದೆ. ನಿಮ್ಮ ಹುಕ್‌ಗೆ ಕೀಲಿ ಸಿಗದೆ ಇದ್ದದ್ದೂ ಇದೇ ಕಾರಣಕ್ಕೆ.

ವಿಂಡೋ ಮಾಡಿದ ತಕ್ಷಣ ಚೇಂಜ್‌ವಿಂಡೋಮೆಸೇಜ್‌ಫಿಲ್ಟರ್‌ಎಕ್ಸ್ ಕರೆಯಿರಿ. ರಿಜಿಸ್ಟರ್ ಮಾಡಿದ ಆ ಮೆಸೇಜ್ ನಂಬರ್ ಕೊಟ್ಟು ಎಂಎಸ್‌ಜಿಎಫ್‌ಎಲ್‌ಟಿ_ಅಲೋ ಅನ್ನಿ. ಅದೊಂದಕ್ಕೆ ಮಾತ್ರ ಬಾಗಿಲು ತೆರೆಯಿರಿ, ಬೇರೆ ಯಾವುದಕ್ಕೂ ಬೇಡ.

ಇನ್ನೊಂದು ಕೆಲಸ ಮಾಡಿ. ಎಫ್9 ಒತ್ತಿದಾಗ ಐಕಾನ್ ಬದಲಿಸಲು ಎನ್‌ಐಎಂ_ಮಾಡಿಫೈ ಕರೆಯುತ್ತೀರಿ ಅಲ್ವಾ? ಅದು ಫಾಲ್ಸ್ ಕೊಟ್ಟರೆ ಐಕಾನ್ ಅಲ್ಲಿಲ್ಲ ಅಂತ ತಿಳಿದು ಎನ್‌ಐಎಂ_ಆಡ್ ಕರೆಯಿರಿ. ಯಾವುದೋ ಕಾರಣಕ್ಕೆ ಮೆಸೇಜ್ ತಪ್ಪಿದರೂ ಮುಂದಿನ ಎಫ್9ಗೆ ‘ಕ’ ಬಂದೇ ಬರುತ್ತದೆ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಾದರೆ ಎಷ್ಟು ಕಷ್ಟ ಅಂತ ಗೊತ್ತು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಪ್ರೆಸ್‌ಮನೆ:
ಇಬ್ಬರಿಗೂ ಕೈಮುಗಿದೆ. ಪ್ರೆಸ್‌ನಲ್ಲಿ ನಿಂತೇ ರೀಸ್ಟಾರ್ಟ್ ಕೊಟ್ಟು ನೋಡಿದೆ. ಐಕಾನ್ ಬಂತು. ಅತ್ತಿಗೆ “ಬಂತು ನೋಡು ಕೆಂಪು” ಅಂದರು.

ಮುಂದೆ ಓದುವವರಿಗೆ ಎರಡು ವಿಷಯ. ಐಕಾನ್ ವಾಪಸ್ ಬಂದರೂ ಮೊದಮೊದಲು ರೈಟ್ ಕ್ಲಿಕ್ ಕೆಲಸ ಮಾಡಲಿಲ್ಲ. ಪ್ರತಿ ಸಲ ಆಡ್ ಮಾಡಿದ ಮೇಲೂ ಐಕಾನ್ ಯಾವ ವರ್ಷನ್‌ನಂತೆ ನಡೆಯಬೇಕು ಅಂತ ಹೇಳುವ ಎನ್‌ಐಎಂ_ಸೆಟ್‌ವರ್ಷನ್ ಮತ್ತೆ ಕರೆಯಬೇಕು. ಇಲ್ಲದಿದ್ದರೆ ಐಕಾನ್ ಹಳೇ ರೀತಿಗೆ ಹೋಗುತ್ತದೆ, ರೈಟ್ ಕ್ಲಿಕ್‌ಗೆ ನಾನು ಕಾಯುತ್ತಿದ್ದ ಡಬ್ಲ್ಯೂಎಂ_ಕಾಂಟೆಕ್ಸ್ಟ್‌ಮೆನು ಮೆಸೇಜ್ ಬರುವುದೇ ಇಲ್ಲ.

ಎರಡನೆಯದು ‘ಕ’ದ ಆಕಾರ. ಪ್ರೆಸ್‌ನ ಮಾನಿಟರ್ 125% ಸ್ಕೇಲಿಂಗ್‌ನಲ್ಲಿದೆ. ನನ್ನ 16 ಪಿಕ್ಸೆಲ್ ಚಿತ್ರವನ್ನು ಹಿಗ್ಗಿಸಿ 20 ಮಾಡಿದಾಗ ತಲೆಕಟ್ಟೂ ಕೆಳಗಿನ ಸುತ್ತೂ ಅಂಟಿಕೊಂಡು ಬರೀ ಕೆಂಪು ಮುದ್ದೆ ಕಾಣುತ್ತಿತ್ತು. 16, 20, 24, 32 ನಾಲ್ಕನ್ನೂ ಬೇರೆ ಬೇರೆ ಬರೆದು ಒಂದೇ ಐಕೋ ಫೈಲಿಗೆ ಹಾಕಿ, ಲೋಡ್‌ಐಕಾನ್‌ಮೆಟ್ರಿಕ್‌ನಿಂದ ತೆಗೆದುಕೊಂಡೆ. 20ರಲ್ಲಿ ತಲೆಕಟ್ಟಿನ ಕೆಳಗೆ ಒಂದು ಪಿಕ್ಸೆಲ್ ಸಾಲು ಖಾಲಿ ಬಿಟ್ಟ ಮೇಲೆ ಅಕ್ಷರ ನಿಚ್ಚಳವಾಗಿ ಓದಲು ಬರುತ್ತಿದೆ. 24 ಮತ್ತು 32 ಇನ್ನೂ ಯಾವ ಮಾನಿಟರ್ ಮೇಲೂ ನೋಡಿಲ್ಲ. ದೊಡ್ಡ ಸ್ಕ್ರೀನ್ ಇರುವವರು ಯಾರಾದರೂ ಹಾಕಿ ನೋಡಿ ಹೇಳಿದರೆ ಫೈಲ್ ಕಳಿಸುತ್ತೇನೆ.