ಉಗಾಂಡದಲ್ಲಿ ಚರ್ಚ್ ಸಂಸ್ಥೆಯ ಹ್ಯಾಂಡ್‌ಪಂಪ್ ಇಂಟರ್ನ್‌ಶಿಪ್: ಹೊರಡುವ ಮುಂಚೆ ಏನೇನು ಗೊತ್ತಿರಬೇಕು?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಸಿವಿಲ್ 6ನೇ ಸೆಮಿಸ್ಟರ್ ಓದ್ತಿದ್ದೇನೆ. ಉಗಾಂಡದ ಹಳ್ಳಿಗಳಲ್ಲಿ ಕೆಟ್ಟು ನಿಂತ ಹ್ಯಾಂಡ್‌ಪಂಪ್ ರಿಪೇರಿ ಮಾಡುವ ಕ್ರೈಸ್ತ ಸಂಸ್ಥೆಯೊಂದು ಎಂಟು ವಾರದ ಇಂಟರ್ನ್‌ಶಿಪ್‌ಗೆ ಕರೆದಿದೆ. ನಾನು ಕ್ರೈಸ್ತನಲ್ಲ, ಅದರಿಂದ ತೊಂದರೆಯಾಗುತ್ತಾ? ಹೋಗುವ ಮೊದಲು ಕೈಕೆಲಸ ಏನು ಕಲಿತಿರಬೇಕು? ಲಸಿಕೆ, ವೀಸಾ ಹೇಗೆ?

ಉತ್ತರ 1
ಧರ್ಮದ ವಿಷಯ ಮೊದಲೇ ಇಮೇಲ್‌ನಲ್ಲಿ ಕೇಳಿಬಿಡಿ. ಕೆಲವು ಸಂಸ್ಥೆಗಳು ಇಂಟರ್ನ್‌ಗಳಿಂದಲೂ ವಿಶ್ವಾಸ ಪತ್ರಕ್ಕೆ (ಕ್ರೈಸ್ತ ನಂಬಿಕೆಗಳನ್ನು ಒಪ್ಪುತ್ತೇನೆ ಅನ್ನುವ ಹೇಳಿಕೆ) ಸಹಿ ಹಾಕಿಸಿಕೊಳ್ಳುತ್ತವೆ. ನಂಬದೇ ಸಹಿ ಹಾಕಬೇಡಿ. ಇನ್ನು ಕೆಲವಕ್ಕೆ ಬೆಳಗಿನ ಪ್ರಾರ್ಥನೆ ಹೊತ್ತಿನಲ್ಲಿ ಸುಮ್ಮನೆ ಜೊತೆಗೆ ಕೂತರೆ ಸಾಕು. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು: ಊರಲ್ಲಿ ಮಸೀದಿಗೆ ಹೋಗುವವರಿಗೂ ಅದೇ ಪಂಪ್, ಅದೇ ಸರದಿ ತಾನೇ? ನೆರವನ್ನು ಮತಪ್ರಚಾರಕ್ಕೆ ಬಳಸಬಾರದೆಂದು ರೆಡ್‌ಕ್ರಾಸ್ ಮತ್ತು ಎನ್‌ಜಿಒಗಳ 1994ರ ನೀತಿಸಂಹಿತೆಯೇ ಹೇಳುತ್ತದೆ. ಈ ಪ್ರಶ್ನೆಗೆ ತಡವರಿಸುವವರ ಹತ್ತಿರ ಹೋಗದಿರುವುದೇ ಒಳ್ಳೆಯದು.

ಯೆಲ್ಲೋ ಫೀವರ್ ಲಸಿಕೆ ಕಡ್ಡಾಯ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಸರ್ಕಾರಿ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಿ. ಮೊಟ್ಟೆ ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಲಸಿಕೆಯ ಪ್ರಮಾಣಪತ್ರವಾದ ಹಳದಿ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ 6 ದಿನದವರೆಗೆ ಕ್ವಾರಂಟೈನ್ ಆಗಬಹುದು. ಮಲೇರಿಯಾ ಮಾತ್ರೆಯನ್ನೂ ಕೇಳಿ ತೆಗೆದುಕೊಳ್ಳಿ. ಟೂರಿಸ್ಟ್ ವೀಸಾ ನೆಚ್ಚಿ ಹೋಗಬೇಡಿ, ಇಂಟರ್ನ್‌ಶಿಪ್‌ಗೆ ತಕ್ಕ ಪಾಸ್ (ಅಲ್ಲಿನ ಸರ್ಕಾರದ ಅನುಮತಿ) ಅನ್ನು ಸಂಸ್ಥೆಯೇ ಮಾಡಿಸಿಕೊಡಬೇಕು.

ಉತ್ತರ 2
ಅಲ್ಲಿ ನೋಡುವ ಪಂಪ್ ನಮಗೆ ಹೊಸದಲ್ಲ. ಉಗಾಂಡದವರು ಯು-2 ಅನ್ನುವುದು ನಮ್ಮ ಇಂಡಿಯಾ ಮಾರ್ಕ್-2 ಅನ್ನೇ. ಅದರ ಮೂಲವೂ ಕ್ರೈಸ್ತ ಮಿಷನ್ ವರ್ಕ್‌ಶಾಪ್‌ಗಳೇ: ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರಗಳಲ್ಲಿ ರೂಪುಗೊಂಡ ಪಂಪನ್ನು 1970ರ ದಶಕದಲ್ಲಿ ಯುನಿಸೆಫ್ ಮತ್ತು ಭಾರತ ಸರ್ಕಾರ ಸೇರಿ ತಿದ್ದಿ ಮಾರ್ಕ್-2 ಮಾಡಿದವು. ಹಾಗಾಗಿ ನಿಮ್ಮೂರ ಪಂಚಾಯಿತಿ ಮೆಕ್ಯಾನಿಕ್ ಜೊತೆ ಎರಡು ಬೋರ್‌ವೆಲ್ ಬಿಚ್ಚಿ ಜೋಡಿಸಿ ಹೋಗಿ, ಅರ್ಧ ಕೆಲಸ ಕಲಿತ ಹಾಗೆ.

ಪಂಪ್ ಬಿಚ್ಚುವ ಮುಂಚೆ ಎರಡು ಪರೀಕ್ಷೆ ಮಾಡಿ. ನೀರು ಸರಾಗವಾಗಿ ಬಂದಮೇಲೆ ನಿಲ್ಲಿಸಿ 30 ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. 5 ಸಲ ಹೊಡೆದರೂ ನೀರು ಬರದಿದ್ದರೆ ಪೈಪ್ ಜಾಯಿಂಟೋ ಫುಟ್ ವಾಲ್ವೋ (ನೀರು ಕೆಳಗಿಳಿಯದಂತೆ ತಡೆಯುವ ತಳದ ಕವಾಟ) ಸೋರುತ್ತಿದೆ. ಆಮೇಲೆ ನಿಮಿಷಕ್ಕೆ 40 ಸಲದಂತೆ ಪೂರ್ತಿ ಹಿಡಿ ಎತ್ತಿಳಿಸಿ ಬಕೆಟ್ ಅಳೆಯಿರಿ. ಒಂದು ನಿಮಿಷದಲ್ಲಿ ಸುಮಾರು 15 ಲೀಟರ್ ಬರಬೇಕು, 10ಕ್ಕಿಂತ ಕಡಿಮೆ ಬಂದರೆ ಕಪ್ ವಾಷರ್ (ಪಿಸ್ಟನ್ ಸುತ್ತ ನೀರು ಸೋರದಂತೆ ಹಿಡಿಯುವ ಬಟ್ಟಲಾಕಾರದ ವಾಷರ್) ಸವೆದಿದೆ.

ಮಾರ್ಕ್-2ರಲ್ಲಿ ವಾಷರ್ ಬದಲಿಸಬೇಕೆಂದರೂ ಪೈಪೆಲ್ಲಾ ಮೇಲೆತ್ತಬೇಕು. 3 ಮೀಟರಿನ 10 ಪೈಪ್, ಒಳಗಿನ ರಾಡ್ ಸೇರಿದರೆ ನೂರು ಕೆಜಿ ದಾಟುತ್ತದೆ. ಟ್ರೈಪಾಡ್ (ಮೇಲೆತ್ತುವ ಮೂರು ಕಾಲಿನ ಸ್ಟ್ಯಾಂಡ್), ಪೈಪ್ ಹಿಡಿದಿಡುವ ಕ್ಲ್ಯಾಂಪ್ ಇಲ್ಲದೆ ಕೈ ಹಾಕಬೇಡಿ. ಕ್ಲ್ಯಾಂಪ್ ಜಾರಿದರೆ ಪೈಪ್ ಬಾವಿಯೊಳಗೆ, ನಿಮ್ಮ ಬೆರಳು ಕ್ಲ್ಯಾಂಪಿನೊಳಗೆ.

ಉತ್ತರ 3
ನೀರು ಎಷ್ಟು ಆಮ್ಲೀಯ ಅಂತ ಅಳೆಯುವ ಪಿಎಚ್ ಮೀಟರ್ ಮರೆಯಬೇಡಿ. ಅಲ್ಲಿ ಪಂಪ್ ಕೆಡಲು ದೊಡ್ಡ ಕಾರಣಗಳಲ್ಲೊಂದು ಆಮ್ಲೀಯ ನೀರು. ಪಿಎಚ್ 6.5ಕ್ಕಿಂತ ಕಡಿಮೆ ಇದ್ದರೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಸತು ಕರಗಿ ಕಬ್ಬಿಣ ಬಯಲಾಗುತ್ತದೆ. ಬೆಳಗಿನ ಮೊದಲ ಕೊಡ ಕೆಂಪಗೆ ಬರುತ್ತದೆ, ಚಹಾ ಕಪ್ಪಾಗುತ್ತದೆ, ಬಿಳಿ ಬಟ್ಟೆಗೆ ಕಲೆ. ಜನ ಪಂಪ್ ಬಿಟ್ಟು ಮತ್ತೆ ಹೊಂಡದ ನೀರಿಗೆ ಹೋಗುತ್ತಾರೆ. ಇದೇ ಕಾರಣಕ್ಕೆ 2016ರಲ್ಲಿ ಉಗಾಂಡ ಸರ್ಕಾರ ಹ್ಯಾಂಡ್‌ಪಂಪಿಗೆ ಜಿಐ ಬಳಸುವುದನ್ನು ನಿಲ್ಲಿಸಿತು.

ಕಬ್ಬಿಣ ಪೈಪಿನದೋ ಭೂಮಿಯದೋ ತಿಳಿಯಲು ಬೆಳಗ್ಗೆ ಮೊದಲ ನೀರು ಒಂದು ಬಾಟಲಿ, ಒಂದು ತಾಸು ಹೊಡೆದಮೇಲೆ ಇನ್ನೊಂದು ಬಾಟಲಿ ಹಿಡಿದು ಅಳೆಯಿರಿ. ಎರಡನೆಯದರಲ್ಲಿ ತೀರಾ ಇಳಿದಿದ್ದರೆ ತಪ್ಪು ಪೈಪಿನದು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿಸಿ. ಸ್ಟೇನ್‌ಲೆಸ್ ಪೈಪಿಗೆ ಉಳಿತಾಯಕ್ಕೆಂದು ಜಿಐ ಕಪ್ಲಿಂಗ್ (ಪೈಪ್ ಜೋಡಿಸುವ ತುಂಡು) ಹಾಕಿದರೆ ಆ ಕಪ್ಲಿಂಗೇ ಮೊದಲು ತಿಂದುಹೋಗುತ್ತದೆ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಸರ್. ಎರಡನೆಯ ಬಾಟಲಿಯಲ್ಲೂ ಕಬ್ಬಿಣ ಅಷ್ಟೇ ಇದ್ದರೆ?

ಉತ್ತರ 3
ಆಗ ಅದು ಅಂತರ್ಜಲದ್ದೇ, ಪೈಪ್ ಬದಲಿಸಿ ಪ್ರಯೋಜನವಿಲ್ಲ. ಗಾಳಿಯಾಡಿಸಿ ಮರಳಿನಲ್ಲಿ ಸೋಸುವ ತೊಟ್ಟಿ ಬೇಕು. ಮರಳನ್ನು ಆಗಾಗ ತೊಳೆಯುವವರು ಊರಲ್ಲಿ ಯಾರು ಅಂತ ಗೊತ್ತುಮಾಡಿಕೊಂಡೇ ಕಟ್ಟಿಸಿ.