ಬೇಸ್‌ಬಾಲ್ ಕಾರ್ಡಿನ ಹುಚ್ಚಿಗೆ ಮಿತಿ ಹಾಕುವುದು ಹೇಗೆ?

ಕೋಡಿಬಾಗದವ:
ಪಿಟ್ಸ್‌ಬರ್ಗ್‌ನಲ್ಲಿರುವ ಭಾವ ಕಾರವಾರಕ್ಕೆ ಬಂದಾಗಲೆಲ್ಲ ಚಾಕ್ಲೇಟ್ ಜೊತೆ ಬೇಸ್‌ಬಾಲ್ ಕಾರ್ಡ್ (ಆಟಗಾರರ ಚಿತ್ರ ಅಚ್ಚು ಹಾಕಿದ ಚೀಟಿ) ತರುತ್ತಾರೆ. 2008ರಲ್ಲಿ ನಮ್ಮ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರನ್ನೂ ಅಲ್ಲಿನ ಪೈರೇಟ್ಸ್ ಬೇಸ್‌ಬಾಲ್ ತಂಡ ಸೇರಿಸಿಕೊಂಡಿತಲ್ಲ (ಕ್ರಿಕೆಟ್ಟಿನ ರಿಂಕು ಅಲ್ಲ, ಬೇರೆ), ನನಗೆ ಹುಚ್ಚು ಹತ್ತಿದ್ದು ಆಗ. ಈಗ ಒಂಬೈನೂರು ದಾಟಿದೆ. ಜಾಸ್ತಿ 1988ರಿಂದ 90ರವು. ಆಗ ಕಂಪನಿಗಳು ಮಿತಿಯಿಲ್ಲದೆ ಅಚ್ಚು ಹಾಕಿದ್ದರಿಂದ ಅವಕ್ಕೆ ಬೆಲೆಯೇ ಇಲ್ಲ.

ಮೊನ್ನೆ ಜಡಿಮಳೆಯಲ್ಲಿ ಕಪಾಟು ತೆಗೆದೆ. ಮೇಲಿನ ಡಬ್ಬದ ಕಾರ್ಡುಗಳು ಹಪ್ಪಳದ ಹಾಗೆ ಬಾಗಿವೆ. ಎರಡು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಒಬ್ಬನ ಮುಖ ಇನ್ನೊಬ್ಬನ ಬೆನ್ನಿಗೆ ಹೋಯಿತು! ಹೆಂಡತಿ ಏನೂ ಹೇಳಲಿಲ್ಲ, ಅದೇ ಹೆದರಿಕೆ. ನೀವೆಲ್ಲ ಏನು ನಿಯಮ ಇಟ್ಟುಕೊಂಡಿದ್ದೀರಿ?

ಶಿರಸಿ ಅಂಚೆಚೀಟಿ:
ನನ್ನದು ಸ್ಟಾಂಪು, ಆದರೂ ರೋಗ ಒಂದೇ ಮಾರಾಯ್ರೇ. ದುಡ್ಡಿಗೆ ಮಿತಿ ಹಾಕಿದರೆ ತಿಂಗಳೊಳಗೆ ಮುರಿಯುತ್ತೀರಿ. ಜಾಗಕ್ಕೆ ಹಾಕಿ. ನನಗೆ ಎರಡೇ ಆಲ್ಬಮ್. ಹೊಸದು ಬಂದರೆ ಹಳೆಯದೊಂದು ಹೊರಗೆ. ಮೊದಮೊದಲು ಕೈ ನಡುಗುತ್ತದೆ, ಆಮೇಲೆ ರೂಢಿ. ಹಳೇ ಪಿವಿಸಿ ಹಾಳೆ ಮಾತ್ರ ಬೇಡ, ಅದು ಬರಬರುತ್ತಾ ಅಂಟಾಗಿ ಕಾರ್ಡನ್ನೇ ಕೆಡಿಸುತ್ತದೆ. ಪಾಲಿಪ್ರೊಪಿಲೀನ್ ಕೇಳಿ ತರಿಸಿ. ಸಿಲಿಕಾ ಜೆಲ್ ಪೊಟ್ಟಣ ಪ್ರತಿ ಮಳೆಗಾಲಕ್ಕೂ ಹೊಸದು.

ಕುಮಟೆಯಿಂದ:
ಏನನ್ನೂ ಬಿಸಾಡಬೇಡಿ! ಮಿಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಗಿದೆ.

ಕೋಡಿಬಾಗದವ:
ಕುಮಟೆಯವರೇ, ಅದು ಮೂಲೆ ಕೂಡ ಸವೆಯದ ಕಾರ್ಡು. ನನ್ನದು ಹಪ್ಪಳ. ಕಾರವಾರದ ಹವೆಯಲ್ಲಿ ಹೂಡಿಕೆಯ ಮಾತು ಬಿಡಿ.

ಶಿರಸಿಯವರ ಮಾತು ಹಿಡಿಸಿತು. ಒಂದೇ ಆಲ್ಬಮ್, ಇಪ್ಪತ್ತು ಹಾಳೆ, ಹಾಳೆಗೆ ಒಂಬತ್ತು ಕಿಸೆ. ಒಟ್ಟು 180. ಪೈರೇಟ್ಸ್ ಮಾತ್ರ. ಮೊದಲ ಕಿಸೆ ರೊಬರ್ಟೊ ಕ್ಲೆಮೆಂಟೆಗೆ. ಸರಿಯಾಗಿ 3000 ಹಿಟ್ ಹೊಡೆದಿದ್ದವನು. ನಿಕರಾಗುವಾದ ಭೂಕಂಪದವರಿಗೆ ಸಾಮಾನು ಒಯ್ಯುವಾಗ, 1972ರ ಡಿಸೆಂಬರ್ 31ರಂದು, ವಿಮಾನ ಸಮುದ್ರಕ್ಕೆ ಬಿದ್ದು ಹೋದ. ಅವನ ಕಾರ್ಡು ಬಾಗಿದ್ದರೂ ಇರಲಿ.

ಉಳಿದಿದ್ದರಲ್ಲಿ ಒಂದು ಕಟ್ಟು ಪಕ್ಕದ ಮನೆ ಹುಡುಗರಿಗೆ ಕೊಟ್ಟೆ. "ಅಂಕಲ್, ಇವರ ಬ್ಯಾಟು ಯಾಕೆ ಒನಕೆ ತರ ಇದೆ?" ಅಂದರು.

ಶಿರಸಿ ಅಂಚೆಚೀಟಿ:
ಭಾವ ಮುಂದಿನ ಸಲ ತಂದರೆ?

ಕೋಡಿಬಾಗದವ:
ಫೋನ್ ಮಾಡಿ ಚಾಕ್ಲೇಟ್ ಸಾಕು ಅಂದಿದ್ದೇನೆ. "ಆಯ್ತು" ಅಂದರು. ನಂಬಿಕೆ ಇಲ್ಲ.