ಸೇವಾ ವ್ಯಾಪಾರದಲ್ಲಿ ಯಾವ ಖಂಡದ ಪಾಲು ಎಷ್ಟು? ಈ ಅಂಕಿಗಳನ್ನು ಓದುವ ಬಗೆ ಹೇಗೆ?

ಪ್ರಶ್ನೆ: ವಾಣಿಜ್ಯ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಯ ಅಂತರರಾಷ್ಟ್ರೀಯ ವ್ಯಾಪಾರದ ಪಾಠಕ್ಕಾಗಿ ಸೇವೆಗಳ ರಫ್ತಿನ ಪ್ರದೇಶವಾರು ಅಂಕಿಗಳನ್ನು ಒಟ್ಟುಗೂಡಿಸುತ್ತಿದ್ದೇನೆ. ವಿಶ್ವ ವ್ಯಾಪಾರ ಸಂಸ್ಥೆಯ ಲೆಕ್ಕದ ಪ್ರಕಾರ ವಾಣಿಜ್ಯ ಸೇವೆಗಳ ಜಾಗತಿಕ ರಫ್ತು 2020ರಲ್ಲಿ ಸುಮಾರು ಶೇ. 20ರಷ್ಟು ಕುಸಿದಿತ್ತು, 2023ರಲ್ಲಿ ಅದು 7.5 ಲಕ್ಷ ಕೋಟಿ ಡಾಲರ್ ದಾಟಿದೆ. ಒಟ್ಟು ಮೊತ್ತದ ಬಗ್ಗೆ ನನಗೆ ಗೊಂದಲವಿಲ್ಲ. ಅದು ಹಂಚಿಕೆಯಾಗಿರುವ ರೀತಿಯ ಬಗ್ಗೆ ಇದೆ. ಯುರೋಪಿನ ಪಾಲು ಹತ್ತಿರ ಹತ್ತಿರ ಅರ್ಧ, ಆಫ್ರಿಕಾದ್ದು ಶೇ. 2ರ ಆಸುಪಾಸು. ವೇಗವಾಗಿ ಬೆಳೆಯುತ್ತಿದೆ ಎಂದು ನಾವು ಹೇಳುತ್ತಲೇ ಬಂದಿರುವ ಏಷ್ಯಾ ಕೋವಿಡ್ ನಂತರ ಪ್ರವಾಸದ ಆದಾಯದಲ್ಲಿ ಎಲ್ಲರಿಗಿಂತ ತಡವಾಗಿ ಚೇತರಿಸಿಕೊಂಡಿತು. ಇನ್ನು ವಿದ್ಯಾರ್ಥಿಗಳು, 'ಬೆಂಗಳೂರು ಇಷ್ಟೆಲ್ಲ ಸಾಫ್ಟ್‌ವೇರ್ ರಫ್ತು ಮಾಡುತ್ತಿರುವಾಗ ಕಂಪ್ಯೂಟರ್ ಸೇವೆಗಳಲ್ಲಿ ಐರ್ಲೆಂಡ್ ಭಾರತಕ್ಕಿಂತ ಮುಂದಿರುವುದು ಹೇಗೆ?' ಎಂದು ಕೇಳುತ್ತಾರೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಡಂ, ಏಷ್ಯಾದ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಸೇವೆಗಳು ಎಂಬ ಒಂದೇ ಶೀರ್ಷಿಕೆಯಡಿ ಪ್ರವಾಸ, ಸಾಗಣೆ ಮತ್ತು ಉಳಿದ ವಾಣಿಜ್ಯ ಸೇವೆಗಳೆಂಬ ಮೂರು ದೊಡ್ಡ ಬಾಬುಗಳಿದ್ದು, ಇವು ಒಂದಕ್ಕೊಂದು ಸಂಬಂಧವಿಲ್ಲದಂತೆ ಏರಿಳಿಯುತ್ತವೆ. ಗಡಿ ಮುಚ್ಚಿದಾಗ ಪ್ರವಾಸ ನೆಲಕಚ್ಚಿತು. ಚೀನಾ ತನ್ನ ಗಡಿಯನ್ನು 2023ರ ಜನವರಿವರೆಗೆ ತೆರೆಯಲಿಲ್ಲವಾದ್ದರಿಂದ, ಚೀನೀ ಪ್ರವಾಸಿಗರನ್ನು ನೆಚ್ಚಿಕೊಂಡಿದ್ದ ಥಾಯ್ಲೆಂಡಿನಂಥ ದೇಶಗಳು ಹಿಂದೆ ಬಿದ್ದವು. ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಮಧ್ಯಪ್ರಾಚ್ಯಕ್ಕೆ ಬಂದ ಪ್ರವಾಸಿಗರ ಸಂಖ್ಯೆ 2019ಕ್ಕಿಂತ ಶೇ. 32ರಷ್ಟು ಹೆಚ್ಚಿತ್ತು, ಆಫ್ರಿಕಾದ್ದು ಶೇ. 7ರಷ್ಟು ಹೆಚ್ಚಿತ್ತು, ಏಷ್ಯಾ-ಪೆಸಿಫಿಕ್ ಮಾತ್ರ ಇನ್ನೂ 2019ರ ಮಟ್ಟದ ಶೇ. 87ರಲ್ಲೇ ಇತ್ತು.

ಸಾಗಣೆಯ ಕಥೆ ಇದಕ್ಕೆ ತದ್ವಿರುದ್ಧ. 2021 ಮತ್ತು 2022ರಲ್ಲಿ ಕಂಟೇನರ್ ಬಾಡಿಗೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿ, ಹಡಗು ಕಂಪನಿಗಳಿರುವ ದೇಶಗಳ ಸೇವಾ ರಫ್ತು ಕಾಗದದ ಮೇಲೆ ಉಬ್ಬಿತು. 2023ರಲ್ಲಿ ಬಾಡಿಗೆ ಇಳಿದಾಗ ಆ ಅಂಕಿಯೂ ಇಳಿಯಿತು. ಈ ಏರಿಕೆಯ ಬಹುಪಾಲು ಬೆಲೆಯದ್ದೇ ಹೊರತು ಹೊತ್ತ ಸರಕಿನದ್ದಲ್ಲ. ಆದ್ದರಿಂದ ಆ ಮೂರು ವರ್ಷಗಳ ಅಂಕಿಯನ್ನು ಪ್ರವೃತ್ತಿ ಎಂದು ಕಲಿಸದಿರುವುದೇ ಲೇಸು.

ಉತ್ತರ 2: ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಯುರೋಪಿನ ಪಾಲು ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಗಡಿಗಳ ಸಂಖ್ಯೆಯೂ ಒಂದು ಕಾರಣ. ಜರ್ಮನಿಯವರು ಸ್ಪೇನಿನ ಕಡಲತೀರದಲ್ಲಿ ರಜೆ ಕಳೆದರೆ ಅದು ಸ್ಪೇನಿನ ರಫ್ತು. ನ್ಯೂಯಾರ್ಕಿನವರು ಫ್ಲಾರಿಡಾಕ್ಕೆ ಹೋದರೆ ಅದು ದೇಶದೊಳಗಿನ ವ್ಯಾಪಾರ. ಐರೋಪ್ಯ ಒಕ್ಕೂಟದ 27 ದೇಶಗಳು ಪರಸ್ಪರ ಮಾರುವ ಸೇವೆಗಳೆಲ್ಲ ಜಾಗತಿಕ ಮೊತ್ತಕ್ಕೆ ಸೇರುತ್ತವೆ. ಒಕ್ಕೂಟವನ್ನು ಒಂದೇ ಘಟಕವೆಂದು ಭಾವಿಸಿ, ಒಳಗಿನ ವ್ಯಾಪಾರವನ್ನು ಕಳೆದು ನೋಡಿದರೆ ಚಿತ್ರ ಬಹಳಷ್ಟು ಬದಲಾಗುತ್ತದೆ. ಹಾಗೆಂದು ಯುರೋಪಿನ ಬಲವೆಲ್ಲ ಭ್ರಮೆಯಲ್ಲ: ಲಂಡನ್ನಿನ ಹಣಕಾಸು ಮತ್ತು ಕಾನೂನು ಸೇವೆಗಳಿಂದಾಗಿಯೇ ಬ್ರಿಟನ್ ಅಮೆರಿಕದ ನಂತರದ ಎರಡನೇ ಸ್ಥಾನದಲ್ಲಿ ನಿಂತಿದೆ.

ಐರ್ಲೆಂಡಿನ ಪ್ರಶ್ನೆಗೆ ಉತ್ತರ ತೆರಿಗೆಯಲ್ಲಿದೆ. ಶೇ. 12.5ರ ಕಾರ್ಪೊರೇಟ್ ತೆರಿಗೆಯ ಆಕರ್ಷಣೆಯಿಂದ ಅಮೆರಿಕದ ದೊಡ್ಡ ತಂತ್ರಜ್ಞಾನ ಕಂಪನಿಗಳು ತಮ್ಮ ಯುರೋಪಿನ ಕೇಂದ್ರ ಕಚೇರಿಗಳನ್ನು ಅಲ್ಲಿ ಸ್ಥಾಪಿಸಿ, ಬೌದ್ಧಿಕ ಸ್ವತ್ತಿನ ಒಡೆತನದ ದೊಡ್ಡ ಭಾಗವನ್ನೂ ಅಲ್ಲಿಗೇ ವರ್ಗಾಯಿಸಿದವು. ದೊಡ್ಡ ಕಂಪನಿಗಳಿಗೆ ಆ ದರ 2024ರಿಂದ ಶೇ. 15 ಆಗಿದೆ. ಇಟಲಿಯ ಗ್ರಾಹಕನೊಬ್ಬ ಕ್ಲೌಡ್ ಸೇವೆಗೆ ಹಣ ಕಟ್ಟಿದರೆ ಬಿಲ್ಲು ಡಬ್ಲಿನ್ನಿನಿಂದ ಬರುತ್ತದೆ; ಆ ಸಾಫ್ಟ್‌ವೇರನ್ನು ಕ್ಯಾಲಿಫೋರ್ನಿಯಾದಲ್ಲೋ ಹೈದರಾಬಾದಿನಲ್ಲೋ ಬರೆದಿರಬಹುದು, ಲೆಕ್ಕ ಮಾತ್ರ ಐರ್ಲೆಂಡಿನದು. ಪ್ರದೇಶವಾರು ಪಾಲು ಎಂದು ನಾವು ಓದುವುದು ಮುಖ್ಯವಾಗಿ ಬಿಲ್ಲು ಎಲ್ಲಿಂದ ಹೊರಟಿತು ಎಂಬುದನ್ನು ಹೇಳುತ್ತದೆ, ದುಡಿಮೆ ಎಲ್ಲಿ ನಡೆಯಿತು ಎಂಬುದನ್ನಲ್ಲ.

ಇನ್ನೊಂದು ವಿಷಯ. ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ವ್ಯಾಪಾರದ ಒಪ್ಪಂದವಾದ ಗ್ಯಾಟ್ಸ್, ಸೇವೆ ಗಡಿ ದಾಟುವುದಕ್ಕೆ ಹೇಳುವ ನಾಲ್ಕು ವಿಧಾನಗಳಲ್ಲಿ ಮೂರನೆಯದು, ಅಂದರೆ ಪರದೇಶದಲ್ಲಿ ಶಾಖೆ ತೆರೆದು ಅಲ್ಲೇ ಸೇವೆ ಮಾರುವುದು, ಪಾವತಿ ಶಿಲ್ಕಿನ (ದೇಶವೊಂದು ಹೊರದೇಶಗಳೊಂದಿಗೆ ನಡೆಸುವ ವಹಿವಾಟಿನ ಲೆಕ್ಕದ) ಅಂಕಿಗಳಲ್ಲಿ ಬರುವುದೇ ಇಲ್ಲ. ವಿಶ್ವ ವ್ಯಾಪಾರ ಸಂಸ್ಥೆ ಅದನ್ನೂ ಸೇರಿಸಿ ಅಂದಾಜು ಮಾಡಿದಾಗ 2017ರ ಸೇವಾ ವ್ಯಾಪಾರ 13.3 ಲಕ್ಷ ಕೋಟಿ ಡಾಲರ್ ಆಯಿತು; ಅದರಲ್ಲಿ ಸುಮಾರು ಶೇ. 59 ಈ ಶಾಖೆಗಳ ಮೂಲಕ ನಡೆದದ್ದು. ಪಠ್ಯಪುಸ್ತಕಗಳು ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ.

ಉತ್ತರ 3: ಲೆಕ್ಕಪರಿಶೋಧಕ, ಬೆಂಗಳೂರು

ಮೇಲಿನವರು ಹೇಳಿದ ಬಿಲ್ಲಿನ ಮಾತನ್ನು ನಮ್ಮ ಊರಿನಿಂದಲೇ ತೋರಿಸಬಹುದು. ಹೊರವರ್ತುಲ ರಸ್ತೆಯ ಉದ್ದಕ್ಕೂ ಇರುವ ಜಾಗತಿಕ ಸಾಮರ್ಥ್ಯ ಕೇಂದ್ರಗಳಲ್ಲಿ ಹೆಚ್ಚಿನವಕ್ಕೆ ಹೊರಗಿನ ಗ್ರಾಹಕರೇ ಇಲ್ಲ. ಅವು ತಮ್ಮ ಮಾತೃಸಂಸ್ಥೆಗಾಗಿ ಮಾತ್ರ ಕೆಲಸ ಮಾಡುತ್ತವೆ. ತಿಂಗಳ ಕೊನೆಗೆ ಸಂಬಳ, ಬಾಡಿಗೆ, ವಿದ್ಯುತ್ತು ಎಲ್ಲವನ್ನೂ ಕೂಡಿಸಿ, ಅದರ ಮೇಲೆ ಇಂತಿಷ್ಟು ಶೇಕಡಾ ಲಾಭ ಹಾಕಿ ಮಾತೃಸಂಸ್ಥೆಯ ಹೆಸರಿಗೆ ಬಿಲ್ಲು ಮಾಡುತ್ತಾರೆ. ಬಂದರಿನಲ್ಲಿ ಕಸ್ಟಮ್ಸ್‌ನವರು ನೋಡುವ ಪೆಟ್ಟಿಗೆ ಇಲ್ಲಿ ಇಲ್ಲವಾದ್ದರಿಂದ, ಸಾಫ್ಟ್‌ವೇರ್ ರಫ್ತಿನ ಮೌಲ್ಯವನ್ನು ಸಾಫ್ಟೆಕ್ಸ್ ನಮೂನೆಯಲ್ಲಿ ಘೋಷಿಸಿ ಎಸ್‌ಟಿಪಿಐನಂಥ (ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕ್‌ಗಳ ಸಂಸ್ಥೆ) ಪ್ರಾಧಿಕಾರದಿಂದ ದೃಢೀಕರಿಸಿಕೊಳ್ಳಬೇಕು. ಆ ನಮೂನೆಯಲ್ಲಿ ಬರುವುದು ನಮ್ಮ ಖರ್ಚು ಮತ್ತು ಆ ಸಣ್ಣ ಲಾಭ. ಅದೇ ಸಾಫ್ಟ್‌ವೇರಿಗೆ ಲೋಕದ ಗ್ರಾಹಕರು ಕೊಡುವ ಪೂರ್ತಿ ಬೆಲೆ ಮತ್ತೊಂದು ದೇಶದ ರಫ್ತಾಗಿ ದಾಖಲಾಗುತ್ತದೆ. ಮೇಡಂ, ತಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ತೋಚುವುದಿಲ್ಲ.

ಇಷ್ಟಾದರೂ ಜಾಗತಿಕ ಸೇವಾ ರಫ್ತಿನಲ್ಲಿ ಭಾರತದ ಪಾಲು 2005ರ ಶೇ. 2ರಿಂದ 2022ರಲ್ಲಿ ಶೇ. 4.4ಕ್ಕೆ ಏರಿದೆ, 2024-25ರಲ್ಲಿ ನಮ್ಮ ಸೇವಾ ರಫ್ತು ಸುಮಾರು 38,700 ಕೋಟಿ ಡಾಲರ್.

ಉತ್ತರ 4: ನೈರೋಬಿಯಲ್ಲಿರುವ ಕನ್ನಡಿಗ

ಆಫ್ರಿಕಾವನ್ನು ಶೇ. 2 ಎಂಬ ಒಂದು ಅಂಕಿಯಲ್ಲಿ ಮುಚ್ಚಿಡುವುದು ಬೇಡವೆಂದು ವಿನಂತಿ. ಈಜಿಪ್ಟಿಗೆ ಸೂಯೆಜ್ ಕಾಲುವೆಯ ಸುಂಕವೇ ದೊಡ್ಡ ಸೇವಾ ಆದಾಯ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದ ಮೇಲೆ ಅದು 2023ರ ಸುಮಾರು 1,000 ಕೋಟಿ ಡಾಲರಿನಿಂದ 2024ರಲ್ಲಿ 400 ಕೋಟಿಗೆ ಇಳಿಯಿತು. ಇಥಿಯೋಪಿಯಾಕ್ಕೆ ವಿಮಾನ ಸಂಸ್ಥೆ ಆಧಾರ. ಮೊರಾಕೊ, ಟುನೀಸಿಯಾಗಳ ಕಾಲ್ ಸೆಂಟರುಗಳು ಫ್ರಾನ್ಸಿನ ಗ್ರಾಹಕರಿಗೆ ಫ್ರೆಂಚಿನಲ್ಲೇ ಉತ್ತರಿಸುತ್ತವೆ. ಕೊರತೆ ಇರುವುದು ಕಂಪ್ಯೂಟರ್ ಜಾಲದ ಮೂಲಕ ಒದಗಿಸುವ ಸೇವೆಗಳಲ್ಲಿ: 2023ರಲ್ಲಿ ಸುಮಾರು 4.25 ಲಕ್ಷ ಕೋಟಿ ಡಾಲರಿನ ಈ ಮಾರುಕಟ್ಟೆಯಲ್ಲಿ ಇಡೀ ಖಂಡದ ಪಾಲು ಶೇ. 1ನ್ನೂ ಮುಟ್ಟಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ: ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮ ಎಂಜಿನಿಯರು ಮನೆಗೆ ಕಳಿಸುವ ಹಣ ಸೇವಾ ರಫ್ತಿಗೆ ಸೇರುತ್ತದೆಯೇ?

ಉತ್ತರ 3: ಲೆಕ್ಕಪರಿಶೋಧಕ, ಬೆಂಗಳೂರು

ಸೇರುವುದಿಲ್ಲ. ಅಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನೆಲೆಸುವವರನ್ನು ಸಾಮಾನ್ಯವಾಗಿ ಆ ದೇಶದ ನಿವಾಸಿಯೆಂದೇ ಪರಿಗಣಿಸುತ್ತಾರೆ. ಅವರು ಮನೆಗೆ ಕಳಿಸುವ ಹಣ ವರ್ಗಾವಣೆಯ ಬಾಬಿಗೆ ಹೋಗುತ್ತದೆ. ಇಲ್ಲಿನ ಕಂಪನಿ ಅವರನ್ನು ನಾಲ್ಕಾರು ತಿಂಗಳ ಮಟ್ಟಿಗೆ ಗ್ರಾಹಕರ ಕಚೇರಿಗೆ ಕಳಿಸಿ, ಅದಕ್ಕೆ ತಾನೇ ಬಿಲ್ಲು ಮಾಡಿದರೆ ಅದು ಗ್ಯಾಟ್ಸ್‌ನ ನಾಲ್ಕನೇ ವಿಧಾನದ, ಅಂದರೆ ಜನರೇ ಹೋಗಿ ಒದಗಿಸುವ, ಸೇವಾ ರಫ್ತು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್‌-1ಬಿ ಉದ್ಯೋಗ ವೀಸಾದ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿದ ಮೇಲೆ, ಕಂಪನಿಗಳು ಜನರನ್ನು ಕಳಿಸುವ ಬದಲು ಕೆಲಸವನ್ನೇ ಇಲ್ಲಿಗೆ ತರಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಅನಿಸಿಕೆ. ಹಾಗಾದರೆ ಅದೇ ಕೆಲಸ ಮೊದಲನೇ ವಿಧಾನದ, ಅಂದರೆ ಜನರು ಹೋಗದೆ ಸೇವೆ ಮಾತ್ರ ಗಡಿ ದಾಟುವ, ಲೆಕ್ಕಕ್ಕೆ ಹೋಗುತ್ತದೆ.